ಗಾಜು ತೊಳೆದವಳ ಲೆಕ್ಕ

ಸ್ಲೋಟ್ ಎಂದರೆ ನಮ್ಮ ಕಡೆ
ಹುಲ್ಲುಗಾವಲುಗಳ ನಡುವೆ ಹರಿದೂ ಹರಿಯದಂತಿರುವ ಕಾಲುವೆ.
ಡಾಕ್ಟರ್ ಐಸ್‌ಬ್ರಾಂಡ್ ಸ್ಲೋಟ್ ಕೂಡ ಹಾಗೇ.
ಮಾತು ನಿಂತಂತೆ ಕಾಣುತ್ತಿತ್ತು,
ಅಡಿಯಲ್ಲಿ ಏನೋ ಸರಿಯುತ್ತಿತ್ತು.

ಸಾವಿರದ ಒಂಬೈನೂರ ಹನ್ನೆರಡು, ಲೈಡನ್.
ನನಗೆ ಹದಿನಾಲ್ಕು.
ದಿನಕ್ಕೆ ಮುನ್ನೂರು ಗಾಜಿನ ನಳಿಗೆ ತೊಳೆಯುವ ಕೆಲಸ.
ಮೊದಲು ಸೋಡಾ, ಆಮೇಲೆ ಆಮ್ಲ, ಆಮೇಲೆ ಏಳು ನೀರು.
‘ಆರು ಸಾಲದು’ ಎಂದರು,
‘ಒಂದು ಹನಿ ಸೋಪು ಉಳಿದರೂ
ಯಾರದೋ ಮದುವೆ ಮುರಿಯುತ್ತದೆ, ನೋಡಿ.’
ನೋಡಿ, ಅಂದರು. ತೊಳೆಯುವ ಹುಡುಗಿಗೆ
ಬಹುವಚನ ಹಚ್ಚಿದ ಮೊದಲ ಮನುಷ್ಯ.

ಹಿತ್ತಲಲ್ಲಿ ಒಂದು ಕುರಿ, ಬೆಪ್ಪಿ.
ಅದು ಸತ್ತ ಮೇಲೆ ಬಂದದ್ದಕ್ಕೂ ಬೆಪ್ಪಿ ಎಂದೇ ಹೆಸರು.
ಸೋಮವಾರ ಅದರ ಕುತ್ತಿಗೆಯಿಂದ ಒಂದು ಬಟ್ಟಲು ರಕ್ತ.
ಸೂಜಿ ಇಳಿಸುವ ಮೊದಲು ಕ್ಷಮೆ ಕೇಳುತ್ತಿದ್ದರು
ಲ್ಯಾಟಿನ್ನಿನಲ್ಲಿ.
ನಮ್ಮ ಭಾಷೆಯಲ್ಲಿ ಕೇಳಲು ನಾಚಿಕೆಯೇನೋ.

ಕುರಿಯ ರಕ್ತಕಣ, ಗಿನಿಪಿಗ್‌ನ ಸೀರಮ್,
ಎತ್ತಿನ ಹೃದಯ ಅರೆದು ಇಳಿಸಿದ ಸಾರ,
ಮೇಲೆ, ಹೆಸರಿನ ಬದಲು ನಂಬರು ಹೊತ್ತ ಒಬ್ಬರ
ಒಂದೇ ತೊಟ್ಟು.
ನಳಿಗೆ ಪೂರ್ತಿ ಕೆಂಪಗೆ ತಿಳಿಯಾದರೆ, ಇಲ್ಲ.
ಕಣಗಳು ತಳಕ್ಕಿಳಿದು ಅಂಗಿಯ ಗುಂಡಿಯಂತೆ ಕೂತರೆ, ಇದೆ.
ಏನು ಇದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.
ಹಡಗಿನವರ ಹೆಂಡಂದಿರು, ಪಾದ್ರಿಯ ಮಗ, ಬ್ಯಾಂಕಿನ ಗುಮಾಸ್ತ,
ಎಲ್ಲರೂ ನನ್ನ ಮೋರಿಯಲ್ಲಿ ಒಂದೇ ಬಣ್ಣವಾಗಿ ಹೋದರು.

ಡೀವರ್ಚೆ.
ಆ ಹೆಸರು ನನಗೆ ಗೊತ್ತಾಗಬಾರದಿತ್ತು.
ಉತ್ತರದ ಜವುಗಿನ ಕಡೆಯವಳು, ಹೆರಿಂಗ್ ಮೀನು ಸೀಳುವವಳು,
ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಬಂದಿದ್ದಳು.
ಮುಂದಿನ ತಿಂಗಳು ಮದುವೆ.
ಗುಂಡಿ ಕೂತಿತು. ಚೀಟಿಯ ಮೇಲೆ ಕೂಡಿಸುವ ಚಿಹ್ನೆ.
ಮದುವೆ ಕಳೆಯಿತು.

ಆರು ವರ್ಷ ಬಿಟ್ಟು ಡಾಕ್ಟರೇ ಕಂಡುಹಿಡಿದರು:
ಜವುಗಿನ ಮಲೇರಿಯಾ ಹೊತ್ತ ರಕ್ತವೂ
ಹಾಗೇ ಗುಂಡಿ ಕಟ್ಟುತ್ತದೆ, ಸುಳ್ಳುಸುಳ್ಳೇ.
ಜರ್ಮನ್ ಭಾಷೆಯಲ್ಲಿ ಹನ್ನೊಂದು ಪುಟ. ಬರ್ಲಿನ್ನಿನಿಂದ ಹೊಗಳಿಕೆ.
ಹೇಗ್‌ನಲ್ಲಿ ಪದಕ.
ಪದಕ ಬಿರಡೆಗಳ ಡ್ರಾಯರಿನಲ್ಲಿ ಬಿದ್ದಿತ್ತು,
ಬಿರಡೆ ಬೇಕಾದಾಗೆಲ್ಲ ನನ್ನ ಕೈಗೆ ತಣ್ಣಗೆ ತಾಕುತ್ತಿತ್ತು.
ಅವಳಿಗೆ ಬರೆದ ಕಾಗದ ಮೂರು ಸಲ ಹೋಯಿತು,
ಮೂರು ಸಲ ವಾಪಸು ಬಂತು.
ಆಮೇಲೆ ಚೀಟಿಗಳಲ್ಲಿ ಪ್ರಶ್ನೆಚಿಹ್ನೆ ಹೆಚ್ಚಾಯಿತು.
‘ಸ್ಲೋಟ್‌ಗೆ ವಯಸ್ಸಾಯಿತು’ ಎಂದಿತು ಆಸ್ಪತ್ರೆ.

ಹಸಿವಿನ ಚಳಿಗಾಲ. ಟ್ಯೂಲಿಪ್ ಗಡ್ಡೆ ಬೇಯಿಸಿ ತಿನ್ನುತ್ತಿದ್ದೆವು.
ಗೋಡೆಯಾಚೆಯಿಂದ ಕಣ್ಣುಗಳು ನಾಲ್ಕನೆಯ ಬೆಪ್ಪಿಯನ್ನು ನೋಡುತ್ತಿದ್ದವು.
ಒಂದು ಬೆಳಿಗ್ಗೆ ಡಾಕ್ಟರೇ ಏಪ್ರನ್ ಕಟ್ಟಿದರು.
ಹೆಣ ಕೊಯ್ದು ಪಳಗಿದ ಕೈ, ಒಂದೂ ಗೆರೆ ತಪ್ಪಲಿಲ್ಲ.
ಲ್ಯಾಬಿನ ತಕ್ಕಡಿಯಲ್ಲಿ, ಗ್ರಾಮಿನ ಲೆಕ್ಕದಲ್ಲಿ,
ಇಪ್ಪತ್ತಮೂರು ಮನೆಗೆ ಪಾಲು.
ತಮ್ಮ ಪಾಲನ್ನೂ ಬಿಡಲಿಲ್ಲ. ನನ್ನೆದುರೇ ತಿಂದರು.
‘ಉಪ್ಪು ಸಾಲದು’ ಎಂದರು.

ಯುದ್ಧ ಮುಗಿದು ಪೆನ್ಸಿಲಿನ್ ಬಂತು.
ಕುರಿ ಬೇಡದ, ಗಾಜಿನ ಪಟ್ಟಿಯ ಮೇಲೇ ಮುಗಿಯುವ ಪರೀಕ್ಷೆ ಬಂತು.
ಡಾಕ್ಟರ್ ಒಂದು ಗುರುವಾರ ತೀರಿಕೊಂಡರು.
ಲ್ಯಾಬ್ ಖಾಲಿ ಮಾಡಲು ನನ್ನನ್ನೇ ಕರೆದರು.

ಹತ್ತೊಂಬತ್ತನೆಯ ಇಸವಿಯ ರಿಜಿಸ್ಟರು, ನಂಬರು ನಾನೂರ ಹನ್ನೊಂದು.
ಕೂಡಿಸುವ ಚಿಹ್ನೆಗೆ ಅಡ್ಡಗೆರೆ.
ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ‘ಕ್ಷಮಿಸಿ’.
ಲ್ಯಾಟಿನ್ ಅಲ್ಲ.
ಅಕ್ಷರ ಮಾಸಿತ್ತು. ಶಾಯಿ ತಂದು
ಮೇಲೆ ಮೇಲೆ ತೀಡಿದೆ.
ಅದು ನನ್ನ ಕೆಲಸವಲ್ಲ, ಗೊತ್ತು.