ಮೌನದ ಖಾನೆ

ಕುರೆಲಾಯ್ಡ್ ದ್ವೀಪದಲ್ಲಿ ಜನ ಅರವತ್ತೊಂದು,
ಚಳಿಗಾಲಕ್ಕೆ ನಲವತ್ತೂ ಇಲ್ಲ.
ಹೊಸ ದೋಣಿಕಟ್ಟೆ ಎಲ್ಲಿ ಕಟ್ಟಬೇಕೆಂದು
ಮೂರು ವಾರ ಪರದೆಯ ಮೇಲೆ ಮಾತಾಡಿದರು.
ದಿನಾ ಅಂಗಡಿಯಲ್ಲಿ, ಬ್ರೆಡ್ಡಿನ ಸಾಲಿನಲ್ಲಿ
ಮೊಣಕೈ ತಾಗಿಸಿಕೊಂಡು ನಿಲ್ಲುವವರೇ,
ಅಲ್ಲಿ ಆಡದ್ದನ್ನೆಲ್ಲ ಇಲ್ಲಿ ಆಡಿದರು.
ಆಡಿದ್ದನ್ನೆಲ್ಲ ಸೋಸಿ
ಎರಡು ಪುಟ ಮಾಡುವುದು ನನ್ನ ಕೆಲಸ.
ನಾನಿರುವುದು ಈಚೆ ದಡದಲ್ಲಿ, ಹಾಪ್ಸಲುವಿನಲ್ಲಿ,
ಹೀಟರ್ ಕೆಟ್ಟ ಮೂರನೇ ಮಹಡಿಯಲ್ಲಿ.
ದ್ವೀಪಕ್ಕೆ ಹೋದದ್ದು ಒಂದೇ ಸಲ. ದಾರಿಯುದ್ದ ವಾಂತಿ.

ಪಡುವಣ ಕೊಲ್ಲಿಯೋ, ಮೂಡಣ ಮೂಲೆಯೋ?
ಮೂಡಣವಾದರೆ ದೋಣಿಗೆ ಇಪ್ಪತ್ತು ನಿಮಿಷ ಉಳಿತಾಯ,
ಎಂಜಿನಿಯರ್ ನಕ್ಷೆಯಲ್ಲಿ ಆಗಲೇ ನೀಲಿ ಗೆರೆ.
ಮೀನಿನ ಹೊಗೆಗೂಡಿನ ಐಲಿ ಬರೆದಳು:
ಎಲ್ಲಾದರೂ ಆಗಲಿ, ಬೇಗ ಆಗಲಿ.
ಕುರಿಯ ರೈಮೊ ಬರೆದ, ಬರೆದ, ಬರೆದ,
ಕಟ್ಟೆಯಿಂದ ಶುರುವಾಗಿ ಅಜ್ಜನ ಬೇಲಿಗೆ ಹೋಗಿ
ಅಲ್ಲೇ ಮಲಗಿದ.
ಲೆಯಿದಾ ಟೀಚರ್, ಎಂಬತ್ತು ದಾಟಿದವರು,
ಯಾರ ವಾದಕ್ಕೂ ವಾದ ಹೂಡಲಿಲ್ಲ;
ಅವರವರ ಮಾತಿನ ಕೆಳಗೆ
ಅವರವರ ಕಾಗುಣಿತ ತಿದ್ದಿದರು.
ದ್ವೀಪದ ಅರ್ಧಕ್ಕರ್ಧ ಜನ
ಅವರ ಬೆಂಚಿನ ಮೇಲೆ ಕೂತೆದ್ದವರು.
ಎರಡನೇ ವಾರಕ್ಕೆ ಬರೆಯುವವರು ಒಂಬತ್ತೇ ಉಳಿದರು.
ನಾನಿದನ್ನು ಗಮನಿಸಿದೆ.
ಚರ್ಚೆ ಹದಕ್ಕೆ ಬಂತು ಅಂದುಕೊಂಡೆ.

ಉಳಿದವರು ಹಸಿರು ಚುಕ್ಕೆಗಳು.
ಹೆಸರಿನ ಪಕ್ಕ ಹೊತ್ತಿಕೊಳ್ಳುತ್ತಾರೆ,
ಓದುತ್ತಾರೆ, ಆರುತ್ತಾರೆ.
ಎಂಡೆಲ್ ಎಂಬ ಚುಕ್ಕೆಯಂತೂ
ರಾತ್ರಿ ಹನ್ನೊಂದಕ್ಕೆ ಹೊತ್ತಿದರೆ ಬೆಳಗಿನ ತನಕ.
ಒಮ್ಮೊಮ್ಮೆ, ಏನೋ ಬರೆಯುತ್ತಿದ್ದಾನೆಂದು,
ಮೂರು ಬಿಂದು ಕುಣಿದು,
ಕುಣಿದು, ನಿಂತು,
ಏನೂ ಬರುತ್ತಿರಲಿಲ್ಲ.

ನಮೂನೆಯಲ್ಲಿ ಎರಡೇ ಖಾನೆ: ಪರ, ವಿರೋಧ.
ಸುಮ್ಮನಿದ್ದವರು ಪರದ ಲೆಕ್ಕಕ್ಕೆ.
ಮೌನ ಸಮ್ಮತಿಯ ಲಕ್ಷಣ ಎಂದವನು
ಒಳ್ಳೆಯ ಮಾತುಗಾರನೇ ಇದ್ದಿರಬೇಕು.

ಗಡುವು ನಡುರಾತ್ರಿಗೆ ಮುಗಿಯಿತು.
ಮೂಡಣದ ಪರ ನಲವತ್ತೆಂಟು ಎಂದು ತುಂಬಿ
ಹಾಲು ಕಾಯಿಸಲು ಎದ್ದೆ.
ಎರಡೂ ನಲವತ್ತಕ್ಕೆ ಎಂಡೆಲ್ ಬರೆದ.

"ಮೂಡಣ ಮೂಲೆಗೆ ಮಂಜುಗಡೆ ಹತುತದೆ.
ಗಾಳಿ ತಿರುಗಿದ ರಾತ್ರಿ.
ತೊಂಬತಾರರಲಿ ಹತಿತು.
ಅಪನ ಬಲೆಮನೆ ಇತು. ಈಗ ಇಲ."

ಎರಡಿರಬೇಕಾದಲ್ಲೆಲ್ಲ ಒಂದೇ ಅಕ್ಷರ.
ಒತ್ತು ಒಂದೂ ಇಲ್ಲ;
ಮೂರು ವಾರದಲ್ಲಿ ಇಷ್ಟು ಒತ್ತಿ
ಯಾರೂ ಹೇಳಿರಲಿಲ್ಲ.

ಲೆಯಿದಾ ಟೀಚರ ಚುಕ್ಕೆ ಹೊತ್ತಿತು.
ಮೂರು ಬಿಂದು ಕುಣಿದವು.
ಹಾಲು ಉಕ್ಕಿತು, ನಾನು ಕದಲಲಿಲ್ಲ.
ಬಂತು ನೋಡು ಕೆಂಪು ಶಾಯಿ ಅಂದುಕೊಂಡೆ,
ಈ ಮನುಷ್ಯ ಆರಿಹೋಗುತ್ತಾನೆ ಇನ್ನು.

"ಯಾವ ತಿಂಗಳು, ಎಂಡೆಲ್?"
ಆಮೇಲೆ,
"ಎಷ್ಟು ಎತ್ತರಕ್ಕೆ?"

ಮಾರ್ಚಿ. ಮೊದಲು ಎದೆಮಟ. ಆಮೇಲೆ ಸೂರಿನಮಟ.
ಒಂದೊಂದು ಉತ್ತರಕ್ಕೂ ಹತ್ತು ನಿಮಿಷ.
ಅವರು ಕಾದರು.
ನಾಲ್ಕಕ್ಕೆ ಐಲಿ ಎದ್ದು ಬಂದಳು, ರೈಮೊ ಬಂದ,
ಯಾರದೋ ಟ್ರಂಕಿನಿಂದ ಒಂದು ಫೋಟೊ ಬಂತು:
ಕೋಡುಕೋಡಾದ ಬಿಳಿ, ನಡುವೆ
ಒಂದು ಬಾಗಿಲ ಚೌಕಟ್ಟು ಮಾತ್ರ.
ಟೀಚರ್ ಬರೆದರು: ಆ ಮೂಲೆಗೆ ಮೂವತ್ತು ವರ್ಷ
ಮಕ್ಕಳನ್ನು ವನಭೋಜನಕ್ಕೆ ಕರೆದೊಯ್ದಿದ್ದೇನೆ.
ಬೇಸಿಗೆಯಲ್ಲಿ ಮಾತ್ರ. ಗೊತ್ತಿರಲಿಲ್ಲ.

ಗಡುವು ಮೀರಿದ ಮಾತು ಸೇರಿಸುವಂತಿಲ್ಲ.
ನಲವತ್ತೆಂಟನ್ನು ಹೊಡೆದುಹಾಕಿದೆ.
ನಾಳೆ ಕಚೇರಿಯಲ್ಲಿ ಏನು ಹೇಳುವುದೋ.
ಹೊರಗೆ ಹಿಮ ಗೋರುವ ಗಾಡಿ ಹೋಯಿತು.
ಇನ್ನೂ ಹನ್ನೊಂದು ಚುಕ್ಕೆ ಹೊತ್ತಿಯೇ ಇವೆ,
ಹೆಸರುಗಳನ್ನು ಮೊದಲ ಸಲ ಬಾಯಿಬಿಟ್ಟು ಓದಿದೆ.
ಮೂರು ವಾರ ಇವರನ್ನು ನಾನು
ಪರವೋ ವಿರೋಧವೋ ಎಂದಷ್ಟೇ ಕೇಳಿದ್ದೆ.