ಏಳರಲ್ಲಿ ನಾಲ್ಕನೆಯ ಸಂಪುಟ

ಇಲೋಯಿಲೋ ಬಂದರಿನಿಂದ ಸೈಕಲ್ಲಿನ ಮೇಲೆ ಬರುತ್ತದೆ
ಕ್ಯಾನ್ವಾಸು ಚೀಲ, ಅಂಚೆಚೀಟಿ ಇಲ್ಲದ್ದು;
ಕುರುಡರ ಪುಸ್ತಕ ಕಡಲು ದಾಟಲು ಕಾಸು ಕೇಳುವುದಿಲ್ಲ.
"ಎರ್ಮಿನ್ಯಾ, ನಿನ್ನ ಹಲಗೆ ಬಂತು!" ಅಂತಾನೆ ಅಂಚೆಯವನು.
ಹಲಗೆಯೇ ಹೌದು. ಮೂರು ಕಿಲೋ.
ಕಣ್ಣಿದ್ದವರು ಇದನ್ನೇ ಅಂಗಿಜೇಬಲ್ಲಿಟ್ಟು ಓಡಾಡುತ್ತಾರಂತೆ.
ನಮ್ಮ ಧ್ಯಾನಕ್ಕೆ ತೂಕ ಜಾಸ್ತಿ.

ನಾನು ಮೈ ತಿಕ್ಕುವವಳು. ಹಾರೋ ಪೇಟೆಯ ಮಾಲಿನ
ಎರಡನೇ ಮಹಡಿ, ಬಿಳಿ ಅಂಗಿ, ನಂಬರು ಒಂಬತ್ತು.
ಹಡಗಿನವರ ಬೆನ್ನು, ದಾದಿಯರ ಹಿಮ್ಮಡಿ,
ಒಮ್ಮೆ ಒಬ್ಬ ಪಾದ್ರಿಯ ಹೆಗಲು:
ಊರ ಪಾಪ ಕೇಳಿ ಕೇಳಿ ಕಲ್ಲಾಗಿತ್ತು.

ಸಂಜೆ ಏಳಕ್ಕೆ ಕೈ ತೊಳೆಯುತ್ತೇನೆ,
ಮೊದಲು ಸೋಪು, ಆಮೇಲೆ ಕಲಮನ್ಸಿ ನಿಂಬೆ,
ಆಮೇಲೆ ಬರೀ ನೀರು.
ತೆಂಗಿನೆಣ್ಣೆ ಉಳಿದರೆ ಹಾಳೆ ಮೆತ್ತಗಾಗುತ್ತದೆ,
ಮುಂದಿನವರ ಬೆರಳಿಗೆ ಚುಕ್ಕಿ ಸಿಗುವುದಿಲ್ಲ.
ಮನಿಲಾದ ಸಿಸ್ಟರ್ ಮೊದಲ ಪುಟದಲ್ಲೇ ಒತ್ತಿಟ್ಟಿದ್ದಾರೆ:
ದಯವಿಟ್ಟು ಶುದ್ಧ ಹಸ್ತ.
ಶುದ್ಧ ಹೃದಯದ ಮಾತು ಎರಡನೇ ಪುಟದಿಂದ.

ನನಗಿಂತ ಮೊದಲು ಓದಿದವರೆಲ್ಲ ನನಗೆ ಗೊತ್ತು.
ಒಬ್ಬರು ಒಣಮೀನು ತಿನ್ನುತ್ತ ಓದಿದ್ದಾರೆ, ಪುಟ ಹನ್ನೆರಡು.
ಒಬ್ಬರಿಗೆ ಅವಸರ, ಅಂಚು ಮಾತ್ರ ಸವೆದಿದೆ.
ಒಬ್ಬರು ಅತ್ತರೋ, ಅಥವಾ ಸೂರು ಸೋರಿತೋ,
ಮೂವತ್ತರಲ್ಲಿ ಕಾಗದ ಹಪ್ಪಳದಂತೆ ಉಬ್ಬಿದೆ.

ಅರವತ್ತೊಂದು. ಕೆಳಗಿನಿಂದ ಮೂರನೇ ಸಾಲು.
ಇರುಳು ಎಷ್ಟೇ ಉದ್ದವಾಗಲಿ, ಆತ ನಿನ್ನನ್ನು
ಅಲ್ಲಿಗೆ ನುಣುಪು.
ಒಂದು ಪದದಷ್ಟು ಜಾಗ, ಕೂಸಿನ ಕೆನ್ನೆಯಂತೆ ಬೋಳು.
ಬೆರಳು ಜಾರಿ ಪೂರ್ಣವಿರಾಮಕ್ಕೆ ಮುಗ್ಗರಿಸುತ್ತದೆ.

ಗುರುಗಳನ್ನು ಕೇಳಿದೆ. "ಪ್ರೀತಿಸುತ್ತಾನೆ ಅಂತಿರಬೇಕು ಮಗಳೇ."
ಅವರಿಗೆ ಹೊರಗೆ ಜ್ಞಾನಸ್ನಾನದ ಮಗು ಕಿರುಚುತ್ತಿತ್ತು.
ಮನಿಲಾಕ್ಕೆ ಫೋನು ಮಾಡಿದೆ. ಅಚ್ಚಿನ ಪ್ರತಿ
ನೆರೆಯಲ್ಲಿ ಹೋಯಿತಂತೆ; ಒತ್ತಿ ಬರೆದ ಸಿಸ್ಟರೂ
ಹೋಗಿ ನಾಲ್ಕು ವರ್ಷವಂತೆ.

ಗುರುವಾರ ಗಿರಾಕಿ ಕಡಿಮೆ. ಮಸಾಜು ಮಂಚಗಳ ನಡುವೆ
ಗಟ್ಟಿಯಾಗಿ ಓದುತ್ತೇನೆ, ಚುಕ್ಕಿ ಕಲಿಯದವರಿಗೆ.
ಆ ಸಾಲಿಗೆ ನಿಂತೆ. ಇಲ್ಲಿ ಪದ ಇಲ್ಲ, ಅಂದೆ.
"ಕಾಯುತ್ತಾನೆ," ಅಂದ ಹುಟ್ಟುಗುರುಡ ದೊಸಿತೆಯೊ.
ಮೊನ್ನೆ ಮೊನ್ನೆ ಸಕ್ಕರೆ ಕಾಯಿಲೆಗೆ ಕಣ್ಣು ತೆತ್ತವಳು,
ಹೆಸರು ನೋಡಿದರೆ ಲುಮಿನಾಡಾ, ಬೆಳಕಿನವಳು,
"ನೋಡುತ್ತಾನೆ" ಅಂದು ಸುಮ್ಮನಾದಳು.
"ಸತಾಯಿಸುತ್ತಾನೆ!" ನಂಬರು ನಾಲ್ಕರ ಪೊಲ್ದೊ.
ಎಲ್ಲ ನಕ್ಕೆವು, ಮ್ಯಾನೇಜರು ಇಣುಕುವಷ್ಟು ನಕ್ಕೆವು,
ನಗು ಇಳಿದಾಗ ಯಾಕೋ
ಅದೇ ಸರಿ ಅನಿಸಿತು ಒಂದು ಗಳಿಗೆ.

ರಾತ್ರಿ ಹೊಲಿಗೆಸೂಜಿ ತೆಗೆದೆ.
ಹಾಳೆಯ ಬೆನ್ನಿಗೆ ಚುಚ್ಚಿದರೆ ಎದೆಗೆ ಚುಕ್ಕಿ ಏಳುತ್ತದೆ.
ನನಗೆ ಬೇಕಾದ ಪದ ಬರೆಯಬಹುದು,
ಮುಂದಿನವರು ಅದನ್ನೇ ನಂಬುತ್ತಾರೆ.
ಕೊನೆಯ ಜೀಪ್ನಿ ಹೋಯಿತು. ನಾಯಿ ಬೊಗಳಿತು. ಸೂಜಿ ಬೆವರಿತು.

ಹುಳು ತಿಂದದ್ದಲ್ಲವಲ್ಲ ಇದು. ನೀರೂ ಅಲ್ಲ.
ಹತ್ತಿಪ್ಪತ್ತು ಜನ, ಒಬ್ಬರಾದ ಮೇಲೊಬ್ಬರು,
ಇಲ್ಲೇ ಬೆರಳು ನಿಲ್ಲಿಸಿದ್ದಾರೆ,
ಮುಂದೆ ಹೋಗಿ, ಮನಸಾಗದೆ, ಹಿಂದೆ ಬಂದು, ಮತ್ತೆ
ಒತ್ತಿದ್ದಾರೆ. ಬೆನ್ನಿನ ಗಂಟಿನ ಮೇಲೆ
ಅದು ಕರಗುವ ತನಕ ನಾನು ಹೆಬ್ಬೆರಳು ಎತ್ತುತ್ತೇನೆಯೇ?

ಸೂಜಿಯನ್ನು ನೂಲಿನುಂಡೆಗೆ ಚುಚ್ಚಿಟ್ಟೆ.

ನಾಳೆ ಚೀಲ ಕಟ್ಟಬೇಕು. ಚೀಟಿಯಲ್ಲಿ ಮುಂದಿನ ಹೆಸರು
ಸಮಾರ್ ದ್ವೀಪದ ಯಾರೋ. ಹೆಣ್ಣೋ ಗಂಡೋ ತಿಳಿಯದು.
ಇವತ್ತು ಕೊನೆಯ ಬೆನ್ನು ಮುಗಿಸಿ ಬಂದವಳು
ಕೈ ತೊಳೆಯದೆ ಅರವತ್ತೊಂದನ್ನು ತೆರೆದೆ,
ಆ ಬೋಳು ಜಾಗಕ್ಕೆ ಹೆಬ್ಬೆರಳೂರಿದೆ, ಎಣ್ಣೆ ಸಮೇತ.
ಸಿಸ್ಟರ್ ಕ್ಷಮಿಸಲಿ.
ಸಮಾರಿನವರು ಮೂಸಿದರೆ ಗೊತ್ತಾಗುತ್ತದೆ:
ತೆಂಗು, ಸ್ವಲ್ಪ ಮೆಂಥಾಲು.