ಎದುರಿನ ಶಾಲೆಗೆ ಬಾಡಿಗೆ

ಶಾಲೆ ಅಲ್ಲೇ ಕಾಣುತ್ತದೆ. ಗಂಟೆ ಹೊಡೆದರೆ
ಹುಡುಗನ ಅಡುಗೆಮನೆಯ ಲೋಟಗಳಿಗೂ ಕೇಳುತ್ತದೆ.
ನಡುವೆ ಆರು ಸಾಲಿನ ಹೆದ್ದಾರಿ, ಆಳೆತ್ತರದ ಗೋಡೆ.
ಹಾಗಾಗಿ ಉಪ್ಪಳ ಪೇಟೆವರೆಗೆ ಹೋಗಿ
ಅಂಡರ್‌ಪಾಸಿನಲ್ಲಿ ನುಸುಳಿ
ಅಷ್ಟೇ ದೂರ ವಾಪಸು ಬರಬೇಕು.
ನಲವತ್ತು ರೂಪಾಯಿ.
ನನಗೇನು, ಒಳ್ಳೆಯದೇ. ಜನ ನಡೆಯದಿದ್ದರೆ
ನನ್ನ ಒಲೆ ಉರಿಯುತ್ತದೆ.
ರಿಕ್ಷಾದ ಸೀಟಿಗೆ ನನ್ನ ಅಚ್ಚು ಬಿದ್ದು ಹದಿನೇಳು ವರ್ಷ.

ಬೇಬಿಯಕ್ಕ ಮೊದಲು ಬುಟ್ಟಿ ಹೊತ್ತು
ಮುಸೋಡಿ ಕಡಲಬದಿಯಿಂದ ಹೊರಟರೆ
ಜೋಡುಕಲ್ಲಿನವರೆಗೂ ಅದೇ ಓಡುನಡಿಗೆ,
ಬಿಸಿಲಿಗಿಂತ ಒಂದು ಮನೆ ಮುಂದೆ.
ಈಗ ಬೂತಾಯಿ ಬರುವುದು ಒಮಾನಿನಿಂದ, ಐಸಿನೊಳಗೆ.
ನಮ್ಮ ಕಡಲಿನದು ಕಿರುಬೆರಳಷ್ಟಾಗಿದೆ.
ನೀರು ಬಿಸಿಯಾಯಿತಂತೆ, ಮೀನು ಆಳಕ್ಕೋ ದೂರಕ್ಕೋ ಹೋಯಿತಂತೆ.
"ಮೀನಿಗೂ ಬೆವರುತ್ತದಾ?" ಹಿಂದಿನ ಸೀಟಿನಿಂದ ಕೇಳುತ್ತಾಳೆ,
ಪೆಟ್ಟಿಗೆಯನ್ನು ತೊಡೆಗೆ ಒತ್ತಿಕೊಂಡು.
ಅವಳ ಮೊಣಕಾಲು ಊದಿದೆ.
ನಡೆಯುವಾಗ ನೋಯಲಿಲ್ಲ ಮಾರಾಯ,
ಕೂತ ಮೇಲೆ ಶುರುವಾದದ್ದು.

ನನ್ನ ಸಕ್ಕರೆ ಇನ್ನೂರ ಅರುವತ್ತು.
ಡಾಕ್ಟ್ರಮ್ಮ, ಪ್ರಾಯದಲ್ಲಿ ನನ್ನ ಮಗಳಷ್ಟು, ಕೇಳಿದಳು:
ರಾತ್ರಿಗೇನು? ಪರೋಟ.
ಬೆಳಗ್ಗೆಗೆ? ಪರೋಟ.
ಸ್ಟ್ಯಾಂಡಿನ ಎದುರು ಮತ್ತೇನು ಸಿಗುತ್ತದೆ,
ಮಂದಿ ಬಿರಿಯಾಣಿಯ ಅಂಗಡಿ ಮೂರು ಬಿಟ್ಟರೆ?
ಗಂಜಿ ಬಡಿಸುತ್ತಿದ್ದ ಹೊಟೇಲು
ಸರ್ವೀಸ್ ರೋಡಿನ ಅಡಿಗೆ ಹೋಯಿತು,
ಬೆಂಚು, ಉಪ್ಪಿನಕಾಯಿ ಭರಣಿ ಸಮೇತ.
ನಡೆಯಿರಿ, ಅಂದಳು. ದಿನಕ್ಕೆ ಎಂಟು ಸಾವಿರ ಹೆಜ್ಜೆ.
ಎಲ್ಲಿ ಅಂತ ಚೀಟಿಯಲ್ಲಿ ಬರೆಯಲಿಲ್ಲ.

ಆರೂವರೆಗೆ ಹೊರಟೆ ಒಂದು ದಿನ, ಮಾರ್ಚಿನಲ್ಲಿ.
ಏಳಕ್ಕೆ ಬನಿಯನು ಹಿಂಡಿದರೆ ಅರ್ಧ ಚೊಂಬು.
ಕಡಿದ ಗೋಳಿಮರಗಳ ಲೆಕ್ಕ ನನ್ನಲ್ಲಿ ಉಂಟು:
ಬಾಡಿಗೆ ಇಲ್ಲದ ಹೊತ್ತು ಬುಡದಲ್ಲಿ ನಿಲ್ಲಿಸುತ್ತಿದ್ದವ ನಾನೇ ಅಲ್ಲವೇ.
ಈಗ ಹೈಪರ್‌ಮಾರ್ಕೆಟಿನ ಎಸಿಯಲ್ಲಿ ನಡೆಯುತ್ತೇನೆ. ಸತ್ಯ.
ಖಾಲಿ ಗಾಡಿ ತಳ್ಳಿಕೊಂಡು
ಬಿಸ್ಕತ್ತಿನ ಓಣಿ, ಎಣ್ಣೆಯ ಓಣಿ, ಮತ್ತೆ ಬಿಸ್ಕತ್ತಿನ ಓಣಿ.
ಸೆಕ್ಯೂರಿಟಿಯವ ದಿಟ್ಟಿಸಿದರೆ
ಒಂದು ಪೊಟ್ಟಣ ಜೀರಿಗೆ ಹಾಕಿಕೊಳ್ಳುತ್ತೇನೆ.
ಮನೆಯಲ್ಲಿ ಈಗ ಹನ್ನೊಂದು ಪೊಟ್ಟಣ.

ಮಳೆ ಮೇ ನಡುವಿಗೇ ಬಂತು, ಒಂದು ತಿಂಗಳು ಮುಖ ತೋರಿಸಲಿಲ್ಲ,
ಮತ್ತೆ ಒಂದೇ ರಾತ್ರಿಯಲ್ಲಿ ಬಾಕಿ ಎಲ್ಲ ತೀರಿಸಿತು.
ಮೂರನೆಯ ದಿನವೂ ಅಂಡರ್‌ಪಾಸಿನ ಕೆಸರಲ್ಲಿ
ಲಾರಿಯೊಂದು ಹೂತು ಕೂತಿತ್ತು.
"ಬನ್ನಿ, ನನಗೆ ದಾರಿ ಗೊತ್ತುಂಟು," ಅಂದ ಹುಡುಗ, ಅಶೀರ್.

ಹೆದ್ದಾರಿಯ ಹೊಟ್ಟೆಯಡಿ ನೀರು ಹೋಗುವ ಮೋರಿ.
ಸೊಂಟ ಬಗ್ಗಿಸಿ ಹೊಕ್ಕೆವು. ಹಿಮ್ಮಡಿ ಮುಳುಗುವಷ್ಟು ನೀರು,
ನೆತ್ತಿಯ ಮೇಲೆ ಟ್ಯಾಂಕರುಗಳ ಗುಡುಗು.
ಅವನ ಲೆಕ್ಕಕ್ಕೆ ಎಪ್ಪತ್ತೆರಡು ಹೆಜ್ಜೆ.
ನನಗೆ ತೊಂಬತ್ತು. ಉಸಿರಿಗೆ ನಿಂತದ್ದು ಬೇರೆ.

ಆಚೆ ಬಾಯಿಯ ಸಿಮೆಂಟಿನ ಬಿರುಕಿನಲ್ಲಿ
ತಜಂಕು! ಎಳತು, ಗೇಣುದ್ದ.
ಆಟಿ ತಿಂಗಳಲ್ಲಿ ಅಮ್ಮ ಗದ್ದೆಯ ಬದು, ರೈಲುಹಳಿಯ ಬದಿ
ಸುತ್ತಿ ಸುತ್ತಿ ಮಡಿಲು ತುಂಬ ತರುತ್ತಿದ್ದಳು,
ಹಲಸಿನ ಬೀಜ ಹಾಕಿ ಪಲ್ಯ.
ಎಷ್ಟು ಹೆಜ್ಜೆ ಆಗುತ್ತಿತ್ತೋ, ಎಣಿಸುವವರಿರಲಿಲ್ಲ.

ಖಾಕಿ ಅಂಗಿಯ ಕಿಸೆಗೆ ಹಿಡಿಯುವಷ್ಟು ಕಿತ್ತೆ.
ಅಶೀರ್ ನಲವತ್ತು ರೂಪಾಯಿ ಚಾಚಿದ,
ಅನುಮಾನ ಬಂದು ಕೈ ಹಿಂದೆಳೆದ:
"ನಡೆದದ್ದಕ್ಕೂ ಬಾಡಿಗೆ ಉಂಟಾ?"

ವಾರಿಜ ಸೊಪ್ಪು ಮೂಸಿದಳು. ಡೀಸೆಲು, ಅಂದಳು.
ಮೂರು ನೀರಲ್ಲಿ ತೊಳೆದಳು.
ನಾಲ್ಕನೆಯದಕ್ಕೆ ನಲ್ಲಿ ನಿಂತಿತು.
ಪಾತ್ರೆ ಇನ್ನೂ ಕಟ್ಟೆಯ ಮೇಲಿದೆ.
ಒಗ್ಗರಣೆಗೆ ಜೀರಿಗೆ ಹಾಕುವುದಾ, ಕೇಳಿದೆ.
ಅವಳು ಸೊಪ್ಪನ್ನೇ ನೋಡುತ್ತಿದ್ದಾಳೆ.